ಕಾಣೆಯಾದ ಎಣಿಕೆ

ಮೂರನೆಯ ಸಲವೂ ಬಾಗಿಲು ಅವಸರ ಮಾಡಲಿಲ್ಲ.

ಪರೀಕ್ಷಾ ಕೋಣೆಯ ಮೂಲೆಯಲ್ಲಿದ್ದ ಉಗಿ ಯಂತ್ರ ಬುಸ್ಸೆಂದು ಉಸಿರು ಬಿಟ್ಟಿತು. ಒತ್ತಡದ ಮುಳ್ಳು ನಿಧಾನವಾಗಿ ಸೊನ್ನೆಗೆ ಇಳಿಯಿತು. ಕೆಂಪು ದೀಪ ಮಾತ್ರ ಆರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಹಟ ಹಿಡಿದಂತೆ ಉರಿದು, ಆಮೇಲೆ ಹಸಿರಿಗೆ ತಿರುಗಿತು. ಕೊಂಡಿ ಟಕ್ಕೆಂದಿತು. ಬಾಗಿಲು ತೆರೆದಾಗ ಬಿಳಿ ಬಟ್ಟೆಗಳ ಮಡಿಕೆಯಿಂದ ಹೊರಬಂದದ್ದು ಬರೀ ಬೆಚ್ಚನೆಯ ಗಾಳಿ. ಕೂಸಿನ ಕೈಯನ್ನೂ ಸುಡದಷ್ಟು ಸಾಧು.

"ನೋಡಿದ್ರಾ ಮೇಡಂ?" ಎಂದರು ಮ್ಯಾನೇಜರ್. "ಇಲ್ಲಿ ಕಾಯುತ್ತೆ, ಅಲ್ಲಿ ಕಾಯ್ಲಿಲ್ಲ. ಯಾಕೆ ಹೇಳಿ? ಕಾಯೋ ಸಾಲುಗಳನ್ನ ಇವಳು ಅಪಘಾತ ಆದ್ಮೇಲೆ ಸೇರಿಸಿದ್ದಾಳೆ. ಇನ್ನೇನು ಸಾಕ್ಷಿ ಬೇಕು ನಿಮಗೆ?"

ಇವಳು ಎಂದರೆ ಗುಬ್ಬಿ, ಆ ಯಂತ್ರದ ಪ್ರೋಗ್ರಾಂ ಬರೆದ ಹುಡುಗಿ. ಗೋಡೆಗೆ ಬೆನ್ನು ಹಚ್ಚಿ, ಕೈಚೀಲವನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಕಚೇರಿಯವರೆಲ್ಲ ಅಕ್ಕರೆಯಿಂದ ಇಟ್ಟಿದ್ದ ಹೆಸರು ಅದು. ಈ ವಾರ ಹಾಗೆ ಕರೆದವರು ಒಬ್ಬರೂ ಇಲ್ಲ.

ವಿಮೆಯಕ್ಕ ತೆರೆದ ಬಾಗಿಲಿನ ಕೊಂಡಿಯನ್ನು ಮುಟ್ಟಿ ನೋಡಿದರು. ವಿಮಾ ಕಂಪನಿಯ ಪರವಾಗಿ ಅಪಘಾತಗಳ ಜಾಡು ಹಿಡಿಯುತ್ತಲೇ ತಲೆ ನರೆತ ಹೆಂಗಸು ಅವರು. ಬಾಯ್ಲರು, ಲಿಫ್ಟು, ಕ್ರೇನು ಎಲ್ಲ ನೋಡಿದ್ದರು. ಮುರಿದರೆ ಮುರಿದ ಜಾಗ ಕಾಣುತ್ತಿತ್ತು, ಬೆರಳಿಟ್ಟು ತೋರಿಸಬಹುದಿತ್ತು. ಇಲ್ಲಿ ಬೆರಳಿಡಲು ಜಾಗವೇ ಇಲ್ಲ.

ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇದೇ ಮಾದರಿಯ ಯಂತ್ರ ಹೊತ್ತಿಗೆ ಮೊದಲೇ ಬಾಗಿಲು ತೆರೆದು, ಅದನ್ನು ನಡೆಸುತ್ತಿದ್ದ ಉಗಿಯಣ್ಣನ ಕೈ, ಮುಖ, ಗಂಟಲನ್ನು ಬೇಯಿಸಿ ಹಾಕಿತ್ತು. ಮುಳ್ಳು ಸೊನ್ನೆಗೆ ಬಂದ ಮೇಲೂ ಬಟ್ಟೆಯ ಮಡಿಕೆಗಳಲ್ಲಿ ಉಗಿ ಅಡಗಿ ಕೂತಿರುತ್ತದೆ. ಆದ್ದರಿಂದ ಪ್ರೋಗ್ರಾಂ ಇನ್ನೊಂದಿಷ್ಟು ಹೊತ್ತು ಕಾದು ಕೊಂಡಿ ಬಿಡಬೇಕು. ಪೊಲೀಸರು ಲಾಂಡ್ರಿಯ ಯಂತ್ರದ ಚಿಪ್ ತೆಗೆಸಿ ಓದಿಸಿದ್ದರು. ಅದರಲ್ಲಿ ಕಾಯುವ ಭಾಗವೇ ಇರಲಿಲ್ಲ. ಗುಬ್ಬಿಯ ಕಂಪ್ಯೂಟರಿನಲ್ಲಿ ಮಾತ್ರ ಇತ್ತು.

ಅಂದ ಮೇಲೆ ಅವಳು ಮೊದಲು ಬರೆಯದೆ ಬಿಟ್ಟಳು, ಈಗ ತಿದ್ದಿ ಮೋಸ ಮಾಡಿದಳು ಎಂದು ಎಲ್ಲರ ತೀರ್ಮಾನ. ಊಟದ ಹೊತ್ತಿಗೆ ಇನ್‌ಸ್ಪೆಕ್ಟರ್ ಬಂದು ಅವಳನ್ನು ಕರೆದೊಯ್ಯುವವರಿದ್ದರು.

"ಯಾವ ಸಾಲು ಯಾವಾಗ ಬರೆದದ್ದು ಅಂತ ಗೊತ್ತಾಗಲ್ವಾ? ಹಳೇದೆಲ್ಲ ಎಲ್ಲೋ ಉಳಿಸಿಟ್ಟಿರ್ತೀರಲ್ಲ?" ಎಂದು ವಿಮೆಯಕ್ಕ ಕೇಳಿದರು.

"ಉಳಿಸ್ತಿದ್ವಿ," ಎಂದರು ಮ್ಯಾನೇಜರ್. "ಹೋದ ತಿಂಗಳು ಸರ್ವರ್ ತುಂಬಿ ನಿಂತುಹೋಯ್ತು. ಯಾರೂ ನೋಡದ ಕಸ ಅಂತ ಎಲ್ಲಾ ಅಳಿಸಿಸಿದೆ. ಆಮೇಲಿಂದ ಅವರವರದು ಅವರವರ ಹತ್ರಾನೇ."

ಮ್ಯಾನೇಜರ್ ಗಡಿಯಾರ ನೋಡಿಕೊಂಡು ಎದ್ದರು. "ನಾನು ಆಸ್ಪತ್ರೆಗೆ ಹೋಗಿಬರ್ತೀನಿ. ಇವತ್ತು ಉಗಿಯಣ್ಣನ ಗಂಟಲಿನ ನಳಿಕೆ ತೆಗೀತಾರಂತೆ. ಪಾಪ, ಅವನ ಹೆಂಡತಿ ಬೆಂಚಿನ ಮೇಲೇ ಬಿದ್ಕೊಂಡಿದಾಳೆ. ನಾನು ಒಂದಿಷ್ಟು ಹೊತ್ತು ಕೂತ್ರೆ ಮನೆಗೆ ಹೋಗಿ ಸ್ನಾನನಾದ್ರೂ ಮಾಡ್ಕೊಂಡು ಬರ್ತಾಳೆ."

ಕಿತ್ತಳೆ ಹಣ್ಣಿನ ಚೀಲ ಹಿಡಿದು ಅವರು ಮೆಟ್ಟಿಲಿಳಿದು ಹೋದಾಗ ವಿಮೆಯಕ್ಕನ ಮನಸ್ಸು ಸ್ವಲ್ಪ ಮೆತ್ತಗಾಯಿತು. ಮಾತು ಒರಟು, ಆದರೆ ಬೆಂಚಿನ ಮೇಲೆ ಮಲಗಿದವಳ ಸ್ನಾನದ ಯೋಚನೆ ಎಷ್ಟು ಜನಕ್ಕೆ ಬರುತ್ತದೆ?

ಕೋಣೆಯ ಬಾಗಿಲು ಮುಚ್ಚಿದೊಡನೆ ಗುಬ್ಬಿ ನೆಲದ ಮೇಲೆ ಕೂತುಬಿಟ್ಟಳು.

"ಏಳು ಮಗು. ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯಾ?"

"ಗಂಟಲಲ್ಲಿ ಇಳಿಯಲ್ಲ ಅಕ್ಕ. ಅಮ್ಮನಿಗೆ ಇನ್ನೂ ಹೇಳಿಲ್ಲ. ಆಪರೇಷನ್ ಆದ ಜೀವ. ಪೊಲೀಸ್ ಅಂದ್ರೆ ಎದೆ ಒಡ್ಕೊಂಡುಬಿಡ್ತಾಳೆ."

ವಿಮೆಯಕ್ಕ ಬಿಸ್ಕತ್ತಿನ ಪೊಟ್ಟಣ ಒಡೆದು ಅವಳ ಕೈಗಿಟ್ಟರು. ಆಮೇಲೆ ತಮ್ಮ ಚೀಲದಿಂದ ಲಾಂಡ್ರಿಯ ಯಂತ್ರದ ಚಿಪ್ ಇದ್ದ ಖಾಲಿ ಪೆಟ್ಟಿಗೆ ತೆಗೆದು, ಪರೀಕ್ಷಾ ಯಂತ್ರದ ಪಕ್ಕಕ್ಕೆ ಹಿಡಿದರು. ಒಂದು ಸೋಪಿನ ಡಬ್ಬಿಯಷ್ಟು. ಪರೀಕ್ಷಾ ಯಂತ್ರದ ಮಂಡೆಯ ಮೇಲೆ ಬಾಯಿ ತೆರೆದುಕೊಂಡಿದ್ದ ಪೆಟ್ಟಿಗೆ ಊಟದ ತಟ್ಟೆಯಷ್ಟು ಅಗಲ.

ಬೆಳಿಗ್ಗೆಯಿಂದ ಕಣ್ಣೆದುರಿಗೇ ಇತ್ತು. ಮೂರು ಸಲ ಬಾಗಿಲನ್ನೇ ನೋಡಿದ ಅವರು ಪೆಟ್ಟಿಗೆಯನ್ನು ನೋಡಿರಲಿಲ್ಲ.

"ಎರಡರಲ್ಲೂ ಒಂದೇ ಪ್ರೋಗ್ರಾಮಾ?"

"ಒಂದೇ ಅಕ್ಕ. ಇದು ಪರೀಕ್ಷೆಗೆ ಅಂತ ದೊಡ್ಡ ಚಿಪ್ಪು. ಮಾರೋದಕ್ಕೆ ಚಿಕ್ಕದು."

"ದೊಡ್ಡ ಟ್ರಂಕಿನ ಬಟ್ಟೆ ಚಿಕ್ಕ ಸೂಟ್‌ಕೇಸಿಗೆ ಹೇಗಮ್ಮ ಹಿಡಿಸ್ತು?"

ಬಿಸ್ಕತ್ತು ಬಾಯಿಯ ಹತ್ತಿರವೇ ನಿಂತಿತು.

"ಹಿಡಿಸಿರ್ಲಿಲ್ಲ," ಎಂದಳು ಗುಬ್ಬಿ. "ಅಮ್ಮನ ಆಪರೇಷನ್ ಹಿಂದಿನ ಸಂಜೆ. ಏನ್ ಮಾಡಿದ್ರೂ ಚಿಕ್ಕ ಚಿಪ್ಪಿಗೆ ಹಿಡಿಸ್ತಿರ್ಲಿಲ್ಲ. ಅಳ್ತಾ ಕೂತಿದ್ದೆ. ಹೊತ್ತಾಯ್ತು, ಬಿಟ್ಟು ಮನೆಗೆ ಓಡಿದೆ. ಬೆಳಿಗ್ಗೆ ಆಸ್ಪತ್ರೆಗೆ ಹೋಗೋ ಮುಂಚೆ ಇಲ್ಲಿ ಇಣುಕಿದ್ರೆ, ಹಿಡಿಸಿತ್ತು!"

"ತಾನಾಗೇ?"

"ಯಾರೋ ಇನ್ನೊಂಚೂರು ದೊಡ್ಡ ಚಿಪ್ಪು ತಂದಿಟ್ಟಿದಾರೆ ಅಂದ್ಕೊಂಡೆ. ದಾನ ಕೊಟ್ಟ ಹಸುವಿನ ಹಲ್ಲು ಎಣಿಸ್ತಾರಾ ಅಕ್ಕ? ನಾನು ಕೇಳ್ಲೇ ಇಲ್ಲ."

"ಚಿಪ್ಪು ಅದೇ. ಪೊಲೀಸರು ಅಳೆದು ನೋಡಿದಾರೆ. ಹಾಗಾದ್ರೆ ಬಟ್ಟೆ ಕಮ್ಮಿಯಾಗಿದೆ. ಏನು ಮಾಡಿದ್ರೆ ಕಮ್ಮಿಯಾಗುತ್ತೆ? ನಂಗೆ ಅರ್ಥ ಆಗೋ ಹಾಗೆ ಹೇಳು, ನಾನು ಫೋನಿನಲ್ಲಿ ಅಲಾರಾಂ ಇಡೋದಕ್ಕೂ ಪಕ್ಕದ ಮನೆಯವರನ್ನ ಕರೆಯೋಳು."

ಗುಬ್ಬಿಯ ತುಟಿಯಲ್ಲಿ ನಗು ಮೂಡಿ ಅಲ್ಲೇ ಅಳಿಯಿತು. "ನಾನು ಬರೆದಿದ್ದು ಚಿಪ್ಪಿಗೆ ನೇರವಾಗಿ ಅರ್ಥ ಆಗಲ್ಲ. ಅದನ್ನ ಚಿಪ್ಪಿನ ಭಾಷೆಗೆ ತಿರುಗಿಸೋ ಇನ್ನೊಂದು ಪ್ರೋಗ್ರಾಂ ಇರುತ್ತೆ. ಕಂಪೈಲರ್ ಅಂತ. ಅದಕ್ಕೆ ಕತ್ತರಿ ಹಚ್ಚು ಅಂತ ಹೇಳಬಹುದು. ಆಗ ಅದು ಎಲ್ಲಾ ಓದಿ ನೋಡುತ್ತೆ. ಯಾವ ಲೆಕ್ಕದ ಉತ್ತರ ಯಾರಿಗೂ ಬೇಡವೋ, ಯಾವ ಸಾಲಿಗೆ ಯಾರೂ ಯಾವತ್ತೂ ಬರೋದೇ ಇಲ್ಲವೋ, ಅದನ್ನೆಲ್ಲ ಕಿತ್ತು ಬಿಸಾಕುತ್ತೆ."

"ಕೇಳದೆಯೇ?"

"ಕೇಳಲ್ಲ. ಆದ್ರೆ ಒಳ್ಳೇದೇ ಅಕ್ಕ. ಪ್ರೋಗ್ರಾಂ ಚಿಕ್ಕದಾಗುತ್ತೆ, ಚುರುಕಾಗಿ ಓಡುತ್ತೆ. ಎಲ್ಲರೂ ಹಚ್ತಾರೆ. ನಾನು ಹೊಸಬಳು, ಹೆದರಿಕೊಂಡು ಹಚ್ಚಿರ್ಲಿಲ್ಲ."

"ನಿನ್ನ ಕಾಯೋ ಸಾಲುಗಳಲ್ಲಿ ಏನಿದೆ?"

"ಎಣಿಸೋದು. ಒಂದು, ಎರಡು, ಮೂರು ಅಂತ ದೊಡ್ಡ ಸಂಖ್ಯೆ ತನಕ ಎಣಿಸು, ಆಮೇಲೆ ಕೊಂಡಿ ಬಿಡು."

"ಎಣಿಸಿ ಬಂದ ಉತ್ತರ ಏನ್ ಮಾಡ್ತೀಯ?"

"ಏನೂ ಇಲ್ಲ. ಎಣಿಸೋ ಹೊತ್ತು ಕಳೀಲಿ ಅಂತ..." ಗುಬ್ಬಿ ಬಾಯಿ ತೆರೆದವಳು ಮುಚ್ಚಲಿಲ್ಲ.

ಇಬ್ಬರೂ ಯಂತ್ರದ ಕಡೆ ನೋಡಿದರು.

ವಿಮೆಯಕ್ಕನಿಗೆ ತಮ್ಮ ಬಾಲ್ಯದ ಅಂಗಳ ನೆನಪಾಯಿತು. ಕಣ್ಣಾಮುಚ್ಚಾಲೆಯಲ್ಲಿ ಕಣ್ಣು ಮುಚ್ಚಿಕೊಂಡವರು ನೂರರ ತನಕ ಎಣಿಸಬೇಕು. ಆ ನೂರು ಯಾರಿಗೂ ಬೇಡ. ಮನೆಗೆ ಒಯ್ಯುವುದಿಲ್ಲ, ಯಾರಿಗೂ ಒಪ್ಪಿಸುವುದಿಲ್ಲ. ಆದರೆ ಎಣಿಸದೆ ಕಣ್ಣು ಬಿಟ್ಟರೆ ಅಡಗುವವರಿಗೆ ಹೊತ್ತೆಲ್ಲಿ? ಆಟವೇ ಮುರಿಯಿತು. ಕಂಪೈಲರ್ ಎಂಬ ಅತಿ ಬುದ್ಧಿವಂತ ಮಗು, 'ಈ ನೂರು ಯಾರಿಗೆ ಬೇಕು?' ಎಂದು ಎಣಿಕೆಯನ್ನೇ ಬಿಸಾಕಿ, ಕಣ್ಣು ಬಿಟ್ಟಿತ್ತು. ಬಾಗಿಲು ತೆರೆದಿತ್ತು.

"ಹಾಗಾದ್ರೆ ನಾನು ಬರೆದಿದ್ದೆ," ಎಂದು ಗುಬ್ಬಿ ಪಿಸುಗುಟ್ಟಿದಳು. "ನಾನು ಸುಳ್ಳಿ ಅಲ್ಲ ಅಕ್ಕ. ಬರೆದಿದ್ದೆ, ಅದು ತಿಂದುಹಾಕಿದೆ."

"ನಂಗೆ ಗೊತ್ತು ಮಗು. ಇನ್‌ಸ್ಪೆಕ್ಟರಿಗೆ ಗೊತ್ತಾಗಬೇಕಲ್ಲ? ಕತ್ತರಿ ಹಚ್ಚಿದ್ದು ನಾನಲ್ಲ ಅಂತ ನೀನಂದ್ರೆ, ಹಚ್ಚಿದವರು ಯಾರು ಅಂತ ಅವರು ಕೇಳ್ತಾರೆ. ಆ ಬೆಳಿಗ್ಗೆ ನಿನ್ನ ಮೇಜಿನ ಮೇಲೆ ಬೇರೇನಾದ್ರೂ ಬದಲಾಗಿತ್ತಾ? ನೆನಪು ಮಾಡ್ಕೊ."

"ಏನೂ ಇಲ್ಲ. ಕುರ್ಚಿ ಒಳಗೆ ಸರಿಸಿತ್ತು. ನೀರಿನ ಬಾಟ್ಲಿ ತುಂಬಿತ್ತು, ಅಷ್ಟೇ. ಖಾಲಿ ಬಿಟ್ಟು ಹೋಗಿದ್ದೆ."

ವಿಮೆಯಕ್ಕ ಕನ್ನಡಕವನ್ನು ನೆತ್ತಿಯಿಂದ ಕಣ್ಣಿಗಿಳಿಸಿ ಎದ್ದರು. ಮೊಣಕಾಲು ನೊಂದದ್ದು ಗೊತ್ತಾಗಲಿಲ್ಲ. ಈ ಕಚೇರಿಗೆ ಕಾಲಿಟ್ಟ ಮೊದಲ ದಿನವೇ ಅವರು ಒಂದು ನೋಟ ಕಂಡು, ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದರು.

ಆ ನೋಟ ಈಗಲೂ ಹಜಾರದ ಕೊನೆಯಲ್ಲಿತ್ತು. ನೀರಿನ ಫಿಲ್ಟರಿನ ಮುಂದೆ, ತೋಳಿನ ತುಂಬ ಬೇರೆಯವರ ಬಾಟ್ಲಿಗಳನ್ನು ಅಪ್ಪಿಕೊಂಡು ನಿಂತ ಮೇಷ್ಟ್ರು. ಪಾಠಶಾಲೆಯ ಮೇಷ್ಟ್ರಲ್ಲ, ಕಚೇರಿಯ ಹಿರಿಯ ಎಂಜಿನಿಯರು. ಇಲ್ಲಿಯವರಿಗೆಲ್ಲ ಕೆಲಸ ಕಲಿಸಿದವರು ಅವರೇ. ತಮ್ಮ ಬಾಟ್ಲಿ ತುಂಬಿಸಲು ಎದ್ದರೆ, ದಾರಿಯ ಖಾಲಿ ಬಾಟ್ಲಿಗಳೆಲ್ಲ ಅವರ ತೋಳೇರುತ್ತಿದ್ದವು. ಯಾರೂ ಹೇಳುತ್ತಿರಲಿಲ್ಲ, ಅವರೂ ಯಾರಿಗೂ ಹೇಳುತ್ತಿರಲಿಲ್ಲ.

"ಮೇಷ್ಟ್ರೇ, ಗುಬ್ಬಿಯ ಬಾಟ್ಲಿನೂ ತುಂಬಿಸ್ತೀರಾ?"

"ಅಯ್ಯೋ, ಅದಕ್ಕೇನು ತಾಯಿ? ಕೊಡಿ."

"ಅವಳ ಅಮ್ಮನ ಆಪರೇಷನ್ ಹಿಂದಿನ ಸಂಜೆ ತುಂಬಿಸಿದ್ರಲ್ಲ, ಹಾಗೇ."

ಮೇಷ್ಟ್ರ ಕೈಯಲ್ಲಿದ್ದ ಬಾಟ್ಲಿ ತುಂಬಿ ಹೊರಚೆಲ್ಲಿತು. ನೀರು ಅಂಗಿಯ ತೋಳಿಗೆ, ಬೂಟಿಗೆ, ನೆಲಕ್ಕೆ ಹರಿಯಿತು. ಅವರು ನಲ್ಲಿ ನಿಲ್ಲಿಸಲಿಲ್ಲ. ವಿಮೆಯಕ್ಕನೇ ಕೈಚಾಚಿ ನಿಲ್ಲಿಸಿದರು.

"ಯಾವ ಸಂಜೆ? ಎಷ್ಟೋ ಸಂಜೆ ತುಂಬಿಸ್ತೀನಿ. ಬಾಟ್ಲಿ ತುಂಬಿಸೋದೂ ಅಪರಾಧವಾ ಈಗ?"

"ನೀರು ತುಂಬಿಸಿದ್ದು ಅಪರಾಧ ಅಂತ ನಾನೆಲ್ಲಿ ಅಂದೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಕೊಂಡ್ರಿ?"

ಮೇಷ್ಟ್ರು ಆಚೀಚೆ ನೋಡಿದರು. ಮೇಜುಗಳ ಸಾಲಿನಲ್ಲಿ ಎಲ್ಲರ ತಲೆ ಪರದೆಗೆ ಅಂಟಿತ್ತು. ಕಿವಿಗಳು ಮಾತ್ರ ಇತ್ತ ತಿರುಗಿದ್ದವು.

"ಊಟದ ಹೊತ್ತಿಗೆ ಆ ಹುಡುಗಿನ ಜೀಪಿಗೆ ಹತ್ತಿಸ್ತಾರೆ ಮೇಷ್ಟ್ರೇ," ಎಂದರು ವಿಮೆಯಕ್ಕ ಮೆಲ್ಲಗೆ. "ನಾನು ಗದರಿಸೋಕೆ ಬಂದಿಲ್ಲ. ಕತ್ತರಿ ಹಚ್ಚಿದ್ದು ನೀವಾ?"

ಮೇಷ್ಟ್ರು ಬಾಟ್ಲಿಗಳನ್ನು ಒಂದೊಂದಾಗಿ ಕಟ್ಟೆಯ ಮೇಲೆ ಜೋಡಿಸಿದರು. ಎಲ್ಲವೂ ಮುಗಿದು, ಮಾಡಲು ಇನ್ನೇನೂ ಉಳಿಯದಾದಾಗ ಮಾತು ಹೊರಟಿತು.

"ನಾನೇ. ಮಗು ಅಳ್ತಾ ಹೋಯ್ತು. ನೋಡೋಕಾಗ್ಲಿಲ್ಲ. ಚಿಕ್ಕ ಚಿಪ್ಪಿಗೆ ತಿರುಗಿಸೋವಾಗ ಮಾತ್ರ ಗಟ್ಟಿ ಕತ್ತರಿ ಹಚ್ಚು ಅಂತ ಕಂಪೈಲರ್‌ಗೆ ಬದಲಾಯಿಸಿದೆ, ದೊಡ್ಡದನ್ನ ಮುಟ್ಟಲಿಲ್ಲ. ಚಕ್ ಅಂತ ಹಿಡಿಸ್ತು. ಐದು ನಿಮಿಷದ ಕೆಲಸ."

"ಅವಳಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹಂಗು ಅನಿಸ್ತದೆ. ತನ್ನ ಕೈಲಾಗ್ಲಿಲ್ಲ, ಮುದುಕ ಮಾಡಿಕೊಟ್ಟ ಅಂತ ಕುಗ್ಗೋ ಹುಡುಗಿ ಅದು. ಮೊದಲ ಕೆಲಸ ಅವಳದು. ತಾನೇ ಗೆದ್ದೆ ಅಂದ್ಕೊಳ್ಲಿ ಅಂತ ಬಿಟ್ಟೆ."

ಉಪಕಾರ ಮಾಡಿ ಹೇಳಿಕೊಳ್ಳದವರನ್ನು ವಿಮೆಯಕ್ಕ ಜೀವಮಾನವಿಡೀ ಗೌರವಿಸಿದ್ದರು. ಇವತ್ತು ಮೊದಲ ಬಾರಿಗೆ ಅದರ ಇನ್ನೊಂದು ಮುಖ ಕಂಡರು.

"ನಿಮ್ಮ ಕತ್ತರಿ ಅವಳ ಎಣಿಕೆ ತಿಂದುಹಾಕ್ತು ಮೇಷ್ಟ್ರೇ. ಒಬ್ಬ ಮನುಷ್ಯ ಬೆಂದುಹೋದ."

"ಇಲ್ಲ!" ಎಂದರು ಮೇಷ್ಟ್ರು. ಇಷ್ಟು ಗಟ್ಟಿಯಾದ ದನಿ ಅವರಿಂದ ಬರಬಹುದೆಂದು ಅಲ್ಲಿ ಯಾರೂ ಎಣಿಸಿರಲಿಲ್ಲ. ನಾಲ್ಕಾರು ತಲೆಗಳು ಎದ್ದವು. ಮೇಷ್ಟ್ರು ದನಿ ಇಳಿಸಿದರು. "ಕತ್ತರಿ ಜೊತೆ ಸಂಸಾರ ಮಾಡಿ ತಲೆ ಬೋಳಾಗಿದೆ ನನಗೆ. ಬರೀ ಎಣಿಸೋ ಸಾಲು ಕಂಡ್ರೆ ಅದು ಬಿಡಲ್ಲ ಅಂತ ಗೊತ್ತಿಲ್ವಾ? ಅದಕ್ಕೇ ಕಾವಲು ಹಾಕಿದೆ. ವೊಲಟೈಲ್ ಅಂತ ಒಂದು ಪದ ಇದೆ. ಎಣಿಕೆಯ ಹಿಂದೆ ಅದನ್ನ ಬರೆದ್ರೆ, 'ಇದು ನಿನಗೆ ದಂಡ ಅನಿಸಬಹುದು, ಆದ್ರೂ ಮುಟ್ಟಬೇಡ' ಅಂತ ಕಂಪೈಲರ್‌ಗೆ ಅರ್ಥ. ಬರೆದು, ಚಿಕ್ಕ ಪೆಟ್ಟಿಗೆಯಲ್ಲೇ ಬಾಗಿಲು ತೆರೆಸಿ ನೋಡಿದೆ. ಕಾಯ್ತು ತಾಯಿ. ಕಾದು ತೆರೀತು."

"ಮತ್ತೆ ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ?"

"ಚಿಪ್ಪಿನಲ್ಲಿ ಎಣಿಕೇನೇ ಇಲ್ಲ ಅಂದ್ರಲ್ಲ ಪೊಲೀಸರು. ಆಗ ನನಗೇ ನನ್ನ ಮೇಲೆ ಅನುಮಾನ ಬಂತು. ಕಾವಲು ಹಾಕಿದ್ನಾ, ಹಾಕಿದೆ ಅಂತ ಅಂದ್ಕೊಂಡ್ನಾ? ಕನ್ನಡಕ ಎಲ್ಲಿಟ್ಟೆ ಅಂತ ದಿನಾ ಹುಡುಕೋನು ನಾನು." ಅವರ ಕಣ್ಣಂಚು ಒದ್ದೆಯಾಯಿತು. "ನಿದ್ದೆ ಬರ್ತಿಲ್ಲ. ಕಣ್ಣು ಮುಚ್ಚಿದ್ರೆ ಆ ಮನುಷ್ಯನ ಕೈ ಕಾಣುತ್ತೆ."

ಕೆಳಗೆ ರಸ್ತೆಯಲ್ಲಿ ಒಂದು ವಾಹನ ನಿಂತ ಸದ್ದಾಯಿತು. ವಿಮೆಯಕ್ಕ ಕಿಟಕಿಗೆ ಹೋಗಿ ನೋಡಿದರೆ ಯಾವುದೋ ಸರಕಿನ ಗಾಡಿ. ಜೀಪಲ್ಲ. ಇನ್ನೂ ಅಲ್ಲ.

"ಬನ್ನಿ," ಎಂದು ಮೇಷ್ಟ್ರ ತೋಳು ಹಿಡಿದರು.

ಗುಬ್ಬಿಯ ಪರದೆಯ ಮೇಲೆ ಎಣಿಸುವ ಸಾಲುಗಳಿದ್ದವು. ಮೇಷ್ಟ್ರು ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. ಒಮ್ಮೆ ನೋಡಿ, ಕನ್ನಡಕ ಒರೆಸಿಕೊಂಡು, ಮತ್ತೆ ನೋಡಿದರು. ಕಾವಲಿನ ಪದ ಅಲ್ಲಿರಲಿಲ್ಲ. ಅವರ ಹೆಗಲು ಇಳಿದುಹೋಯಿತು.

"ಹಾಕಿರ್ಲಿಲ್ಲ," ಎಂದರು. "ನಾನೇ ಮರ್ತಿದ್ದೆ. ನನ್ನ ಕರ್ಕೊಂಡು ಹೋಗ್ಲಿ. ಮಗೂನ ಬಿಟ್ಬಿಡಿ."

"ಏನು ಹಾಕಿರ್ಲಿಲ್ಲ ಸರ್?" ಎಂದಳು ಗುಬ್ಬಿ.

ವಿಮೆಯಕ್ಕ ಹೇಳಿದರು. ಕತ್ತರಿ ಯಾರದು, ಕಾವಲು ಏನು, ಎಲ್ಲವನ್ನೂ. ಹೇಳುತ್ತ ಹೇಳುತ್ತ ಗುಬ್ಬಿಯ ಮುಖದ ರಕ್ತ ಇಳಿಯುವುದನ್ನು ನೋಡಿದರು.

"ಹಾಕಿದ್ರಿ ಸರ್," ಎಂದಳು ಅವಳು. "ಆ ಪದ ಇತ್ತು. ತೆಗೆದಿದ್ದು ನಾನು."

ಮೇಷ್ಟ್ರು ಪರದೆ ಬಿಟ್ಟು ಅವಳ ಕಡೆ ತಿರುಗಿದರು.

"ಕತ್ತರಿ ಹಚ್ಚಿದ್ದು ನಂಗೆ ಗೊತ್ತೇ ಇರ್ಲಿಲ್ಲ. ಕತ್ತರೀನೇ ಇಲ್ಲದ ಮೇಲೆ ಕಾವಲು ಯಾಕೆ? ತೆಗೆದು ಈ ದೊಡ್ಡ ಯಂತ್ರದಲ್ಲಿ ನೋಡಿದೆ, ಆಗಲೂ ಕಾಯ್ತು. ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ ಅಂತ..." ಅವಳ ದನಿ ಒಡೆಯಿತು. "ದಂಡ ಅಂದ್ಕೊಂಡೆ ಸರ್. ಆ ಕಂಪೈಲರ್ ಮಾಡಿದ್ದನ್ನೇ ನಾನೂ ಮಾಡಿದೆ."

"ಸುಮ್ನೆ ಇದ್ದ ಪದನ ತೆಗೀಬೇಕು ಅಂತ ನಿಂಗ್ಯಾಕೆ ಅನಿಸ್ತು?" ವಿಮೆಯಕ್ಕ ಅವಳ ಎರಡೂ ಕೈ ಹಿಡಿದುಕೊಂಡರು. "ಅಳಬೇಡ. ನನ್ನ ನೋಡಿ ಹೇಳು."

"ನಂಗೆ ಅನಿಸ್ಲಿಲ್ಲ ಅಕ್ಕ. ಸರ್ ಹೇಳಿ ಕಳಿಸಿದ್ರಲ್ಲ."

"ನಾನಾ?" ಮೇಷ್ಟ್ರು ಕುರ್ಚಿಯ ಬೆನ್ನು ಹಿಡಿದರು. "ನಾನು ಯಾವಾಗ ಹೇಳಿದೆ? ಯಾರ ಹತ್ರ?"

"ನೀವು ರಜೆಯಲ್ಲಿದ್ರಿ. ಉಗಿಯಣ್ಣ ಬಂದಿದ್ದ. ಬಾಗಿಲು ತೆರೆಯೋದು ತಡ ಆಗ್ತಿದೆ, ದಿನಕ್ಕೆ ಇಷ್ಟು ಬಟ್ಟೆ ಅಂತ ಲಾಂಡ್ರಿಯವರ ಕಾಟ, ಕೆಲಸ ಸಾಗ್ತಿಲ್ಲ ಅಂತ. 'ಎಣಿಕೆ ಹಿಂದಿನ ಆ ಪದ ತೆಗೆದು ಕೊಡಬೇಕಂತೆ ತಂಗಿ, ನಿಮ್ಮ ಮೇಷ್ಟ್ರ ಮಾತಂತೆ, ಕೆಳಗೆ ನಿಮ್ಮೋರೇ ಹೇಳಿ ಕಳಿಸಿದ್ರು' ಅಂದ. ತೆಗೆದು, ಹೊಸದನ್ನ ಪೆನ್‌ಡ್ರೈವ್‌ಗೆ ಹಾಕಿ ಅವನ ಕೈಯಲ್ಲೇ ಕೊಟ್ಟೆ."

ಬೆಂದ ಕೈಗಳು. ಬೇಯಿಸುವುದನ್ನು ತಾವೇ ಹೊತ್ತುಕೊಂಡು ಹೋಗಿದ್ದವು.

"ನಿಮ್ಮೋರು ಅಂದ್ರೆ ಯಾರು?"

"ಕೇಳ್ಲಿಲ್ಲ ಅಕ್ಕ."

ವಿಮೆಯಕ್ಕನ ತಲೆ ಬೇಗ ಬೇಗ ಓಡಿತು. ಬಟ್ಟೆ ತೊಳೆಯುವ ಮನುಷ್ಯನಿಗೆ ಪ್ರೋಗ್ರಾಮಿನೊಳಗಿನ ಒಂದು ಪದದ ಸುದ್ದಿ ಹೇಗೆ ಗೊತ್ತು? ಯಾರೋ ಬಾಯಿಪಾಠ ಮಾಡಿಸಿ ಕಳಿಸಿದ್ದಾರೆ. ಆ ಪದ ಅಲ್ಲಿದೆ, ಅದೇ ಬಾಗಿಲನ್ನು ಹಿಡಿದಿಟ್ಟಿದೆ ಎಂದು ಬಲ್ಲವರು. ಗುಬ್ಬಿಗೆ ಕತ್ತರಿಯ ಸುದ್ದಿ ತಿಳಿಯದೆಂದು ಬಲ್ಲವರು. ಯಾರು ಯಾವಾಗ ಏನು ಬದಲಾಯಿಸಿದರು ಎಂದು ಸರ್ವರಿನಲ್ಲಿ ನೋಡಬಲ್ಲವರು. ನೋಡಿದ ಮೇಲೆ, ಕಸ ಎಂದು ಅಳಿಸಿಸಬಲ್ಲವರು.

ಅವರು ಯಾರೆಂದು ಹೇಳಬಲ್ಲ ಜೀವ ಒಂದೇ. ಆ ಜೀವದ ಗಂಟಲಿನ ನಳಿಕೆ ಇವತ್ತು ತೆಗೆಯುತ್ತಾರೆ.

ಕಿತ್ತಳೆ ಹಣ್ಣಿನ ಚೀಲ ಅವರ ಕಣ್ಣ ಮುಂದೆ ತೂಗಿತು.

ಅವಸರದಲ್ಲಿ ಫೋನಿನ ಗುಂಡಿ ಎರಡು ಸಲ ತಪ್ಪಿತು. ಗುಬ್ಬಿಯೇ ಒತ್ತಿಕೊಟ್ಟಳು. ಅತ್ತ ಉಗಿಯಣ್ಣನ ಹೆಂಡತಿ ಫೋನೆತ್ತಿದಳು. ಹಿನ್ನೆಲೆಯಲ್ಲಿ ಬಕೆಟಿಗೆ ನೀರು ಬೀಳುವ ಸದ್ದು.

"ಎಲ್ಲಿದ್ದೀಯಮ್ಮ?"

"ಮನೆಯಲ್ಲಿ ಅಕ್ಕಾ. ಸ್ನಾನ ಮಾಡಿ, ಒಂಚೂರು ಮಲಗಿ ಬಾ ಅಂತ ಸಾಹೇಬ್ರೇ ಆಟೋಗೆ ದುಡ್ಡು ಕೊಟ್ಟು ಕಳಿಸಿದ್ರು. ದೊಡ್ಡ ಮನಸ್ಸು."

"ನಳಿಕೆ ತೆಗೆದ್ರಾ?"

"ತೆಗೆದ್ರು ಅಕ್ಕಾ. ಮಾತು ಇನ್ನೂ ಸರಿಯಾಗಿ ಹೊರಡಲ್ಲ. ಸಾಹೇಬ್ರು ಒಳಗೆ ಬಂದಿದ್ದೇ ತಡ, ಯಾಕೋ ತಲೆ ಅಲ್ಲಾಡಿಸ್ತಾನೇ ಇದ್ರು ಇವ್ರು. ಕಟ್ಟು ಹಾಕಿದ ಕೈಯಲ್ಲೇ ನನ್ನ ಬಟ್ಟೆ ಎಳೀತಿದ್ರು, ಹೋಗಬೇಡ ಅನ್ನೋ ಹಾಗೆ. ನೋವಿಗೆ ಹಂಗಾಡ್ತಾರೆ, ನೀನು ಹೋಗಮ್ಮ ಅಂದ್ರು ಸಾಹೇಬ್ರು."

"ನರ್ಸ್ ಯಾರಾದ್ರೂ ಇದ್ದಾರಾ ಅಲ್ಲಿ?"

"ಯಾಕಕ್ಕಾ? ಅವರನ್ನೂ ಊಟಕ್ಕೆ ಕಳಿಸಿದ್ರು. ಗದ್ದಲ ಬೇಡ, ಮಲಗ್ಲಿ ಪಾಪ ಅಂತ ಸಾಹೇಬ್ರೇ ಒಳಗಿಂದ ಬಾಗಿಲು ಹಾಕ್ಕೊಂಡ್ರು."